ಕಿಕ್ಕಿರಿದ ಜೋನ್, ನಿಂತುಹೋದ ಕಾಳಗ: ಆನ್‌ಲೈನ್ ಆಟಗಳ ಜನಜಂಗುಳಿಗೆ ಮದ್ದು ಎಲ್ಲಿದೆ?

ಸಾವಿರಾರು ಜನ ಒಂದೇ ಜಗತ್ತಿನಲ್ಲಿ ಒಟ್ಟಿಗೆ ಆಡುವ ಆನ್‌ಲೈನ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಶುರುವಾದ ಹೊಸದರಲ್ಲಿ ಹಿಲ್ಸ್‌ಬ್ರಾಡ್ ಎಂಬ ಜೋನ್‌ನ, ಅಂದರೆ ಆಟದ ಜಗತ್ತಿನ ಒಂದು ಪ್ರದೇಶದ, ಎರಡು ಊರುಗಳ ನಡುವೆ ಕಾಳಗ ನಡೆಯುತ್ತಲೇ ಇರುತ್ತಿತ್ತು. ಒಂದು ಕಡೆ ಅಲಯನ್ಸ್ ಪಕ್ಷದ ಸೌತ್‌ಶೋರ್, ಇನ್ನೊಂದು ಕಡೆ ಹೋರ್ಡ್ ಪಕ್ಷದ ಟ್ಯಾರನ್ ಮಿಲ್. ಗೆದ್ದವರಿಗೆ ಆಟದಿಂದ ಬಹುಮಾನವೇನೂ ಇರಲಿಲ್ಲ. 2005ರ ಮೊದಲಾರ್ಧದಲ್ಲಿ, ಎದುರಾಳಿಯನ್ನು ಕೊಂದರೆ ಹಾನರ್ ಅಂಕ ಸಿಗುವ ವ್ಯವಸ್ಥೆ ಬಂತು. ಜನ ಮುಗಿಬಿದ್ದರು, ಸರ್ವರ್‌ಗಳು ತತ್ತರಿಸಿದವು. ಲೆವೆಲ್ ಏರಿಸಿಕೊಳ್ಳಲು ಅದೇ ಜೋನ್‌ಗೆ ಬಂದ ಹೊಸಬರು ಕಾಲಿಟ್ಟ ಕಡೆಯೆಲ್ಲ ಸತ್ತರು. ಅದೇ ವರ್ಷದ ಜೂನ್‌ನಲ್ಲಿ ಬ್ಯಾಟಲ್‌ಗ್ರೌಂಡ್‌ಗಳು ತೆರೆದವು. ಎರಡೂ ಕಡೆ ಸಮಸಂಖ್ಯೆ, ಪ್ರತ್ಯೇಕ ಅಂಗಳ, ಅದೇ ಅಂಕ. ಜನ ಅತ್ತ ಹರಿದರು, ಹಿಲ್ಸ್‌ಬ್ರಾಡ್‌ನ ಬಯಲು ಖಾಲಿಯಾಯಿತು.

ಕೆಲವೇ ತಿಂಗಳಲ್ಲಿ ನಡೆದ ಈ ಏರಿಳಿತದಲ್ಲಿ ಸಮಸ್ಯೆಯ ಪೂರ್ತಿ ಚಿತ್ರವಿದೆ. ಜೋನ್ ಕಿಕ್ಕಿರಿಯುವುದು ಒಂದು ಸಮಸ್ಯೆ, ಆಟಗಾರರ ನಡುವಿನ ಕಾಳಗ, ಅಂದರೆ ಪಿವಿಪಿ, ಮತ್ತೊಂದು ಸಮಸ್ಯೆ ಎಂದು ಸ್ಟುಡಿಯೋಗಳು ಇವತ್ತಿಗೂ ಎರಡು ತಂಡಗಳಿಗೆ ಹಂಚಿಕೊಡುತ್ತವೆ. ಮೊದಲನೆಯದು ಸರ್ವರ್ ಎಂಜಿನಿಯರುಗಳ ಪಾಲು, ಎರಡನೆಯದು ಕಾಳಗದ ವಿನ್ಯಾಸಕರ ಪಾಲು. ಈ ಹಂಚಿಕೆಯೇ ತಪ್ಪು. ಯಾವ ಜಾಗದಲ್ಲಿ ಎಷ್ಟು ಜನ ಸೇರುತ್ತಾರೆ ಎಂಬುದನ್ನು ಬಹುಮಾನ ಎಲ್ಲಿದೆ ಎನ್ನುವುದು ನಿರ್ಧರಿಸುತ್ತದೆ. ಗುಂಪು ಕಟ್ಟಿದರೆ ಲಾಭವೋ ನಷ್ಟವೋ ಎಂಬುದನ್ನು ಕಾಳಗದ ನಿಯಮ ನಿರ್ಧರಿಸುತ್ತದೆ. ಸರ್ವರ್ ಹೊರಬೇಕಾದ ಭಾರ ಇವೆರಡರ ಫಲ. ಭಾರವನ್ನಷ್ಟೇ ನೋಡಿ ಜನರನ್ನು ತುಂಡು ಮಾಡಿದರೆ ಕಾಳಗಕ್ಕೆ ಅರ್ಥ ಉಳಿಯುವುದಿಲ್ಲ. ಕಾಳಗವನ್ನಷ್ಟೇ ನೋಡಿ ಎಲ್ಲರನ್ನೂ ಒಂದೆಡೆ ಸೇರಿಸಿದರೆ ಸರ್ವರ್ ಉಳಿಯುವುದಿಲ್ಲ.

ನಾಲ್ಕು ಪಟ್ಟು ಜನ, ಹದಿನಾರು ಪಟ್ಟು ಕೆಲಸ

ಒಂದು ಬಯಲಿನಲ್ಲಿ 100 ಜನ ಒಬ್ಬರಿಗೊಬ್ಬರು ಕಾಣುವಂತೆ ನಿಂತಿದ್ದಾರೆ ಎಂದುಕೊಳ್ಳಿ. ಒಬ್ಬರ ಸ್ಥಾನ, ದಿಕ್ಕು, ಭಂಗಿ ತಿಳಿಸುವ ಒಂದು ಸಂದೇಶ 30 ಬೈಟ್, ಸೆಕೆಂಡಿಗೆ 10 ಸಲ ಕಳಿಸಬೇಕು. ಪ್ರತಿ ಆಟಗಾರನಿಗೂ ಉಳಿದ 99 ಜನರ ಸುದ್ದಿ ಹೋಗಬೇಕಾದ್ದರಿಂದ ಒಬ್ಬನಿಗೆ ಸೆಕೆಂಡಿಗೆ ಸುಮಾರು 30 ಕಿಲೋಬೈಟ್, ಒಟ್ಟಾರೆ ಸರ್ವರ್‌ನಿಂದ ಹೊರಹೋಗುವುದು ಸುಮಾರು 3 ಮೆಗಾಬೈಟ್. ಇದು ಕಷ್ಟವಲ್ಲ. ಅದೇ ಬಯಲಿಗೆ 400 ಜನ ಬಂದರೆ ಒಬ್ಬನಿಗೆ ಸುಮಾರು 120 ಕಿಲೋಬೈಟ್, ಒಟ್ಟು ಸುಮಾರು 48 ಮೆಗಾಬೈಟ್. ಜನ ನಾಲ್ಕು ಪಟ್ಟಾದರೆ ಕೆಲಸ ಹದಿನಾರು ಪಟ್ಟಾಗುತ್ತದೆ.

ಇದಿನ್ನೂ ಸುಮ್ಮನೆ ನಿಂತವರ ಲೆಕ್ಕ. ಕಾಳಗ ಶುರುವಾದರೆ ಮಾತೇ ಬೇರೆ. ಆ 100 ಜನರಲ್ಲಿ ಪ್ರತಿಯೊಬ್ಬರೂ ಒಂದೂವರೆ ಸೆಕೆಂಡಿಗೊಂದು ಸ್ಕಿಲ್, ಅಂದರೆ ದಾಳಿ ಅಥವಾ ಮಂತ್ರದಂಥ ಸಾಮರ್ಥ್ಯ, ಬಳಸಿದರೆ ಸೆಕೆಂಡಿಗೆ ಸುಮಾರು 67 ಸ್ಕಿಲ್. ಪ್ರತಿಯೊಂದೂ ಒಂದು ವೃತ್ತದೊಳಗಿನ ಎಲ್ಲರಿಗೂ ತಗಲುವ ಏರಿಯಾ ದಾಳಿಯಾಗಿದ್ದು, ವೃತ್ತದಲ್ಲಿ 40 ಜನ ಇದ್ದರೆ ಸುಮಾರು 2,670 ಏಟು. ಪ್ರತಿ ಏಟಿಗೂ ಕವಚದಿಂದ, ಆಯುಧದಿಂದ, ತಾತ್ಕಾಲಿಕವಾಗಿ ಬಲ ಹೆಚ್ಚಿಸುವ ಬಫ್‌ನಿಂದ ಮೂರು ಉಪಪರಿಣಾಮ ಹುಟ್ಟಿದರೆ 8,000. ಅದರ ಫಲಿತಾಂಶ 100 ಜನರಿಗೂ ತಿಳಿಯಬೇಕು: ಒಟ್ಟುಗೂಡಿಸಿ ಕಳಿಸದಿದ್ದರೆ ಸೆಕೆಂಡಿಗೆ 8 ಲಕ್ಷ ಸಂದೇಶ. ಸರ್ವರ್ ಸೆಕೆಂಡಿಗೆ 20 ಟಿಕ್‌ನಲ್ಲಿ, ಅಂದರೆ ಆಟದ ಸ್ಥಿತಿಯನ್ನು 20 ಸಲ ಹೊಸದಾಗಿ ಲೆಕ್ಕ ಹಾಕುತ್ತ, ಓಡುತ್ತಿದ್ದರೆ ಪ್ರತಿ ಟಿಕ್‌ನ ಕೆಲಸ 50 ಮಿಲಿಸೆಕೆಂಡ್‌ನೊಳಗೆ ಮುಗಿಯಬೇಕು. ಮುಗಿಯದೆ 80 ಆಯಿತೆಂದರೆ ಮುಂದಿನ ಟಿಕ್ ತಡ, ಅದರ ಮುಂದಿನದು ಇನ್ನೂ ತಡ.

ಹೀಗೆ ಹಿಂದೆ ಬಿದ್ದ ಸರ್ವರ್ ಒಮ್ಮೆಲೇ ಬೀಳುವುದಿಲ್ಲ, ಒಂದು ಕ್ರಮದಲ್ಲಿ ಕೆಡುತ್ತದೆ. ಮೊದಲು ಆಟಗಾರರು ಜಾರಿದಂತೆ, ಹಿಂದಕ್ಕೆ ಎಳೆದಂತೆ ಕಾಣುತ್ತಾರೆ. ಆಮೇಲೆ ಒತ್ತಿದ ಸ್ಕಿಲ್ ಎರಡು ಮೂರು ಸೆಕೆಂಡು ತಡವಾಗಿ ಹೊರಡುತ್ತದೆ. ಸ್ಕಿಲ್ ಹೊರಡಲಿಲ್ಲವೆಂದು ಎಲ್ಲರೂ ಮತ್ತೆ ಮತ್ತೆ ಒತ್ತತೊಡಗುತ್ತಾರೆ, ಸಾಲು ಇನ್ನಷ್ಟು ಬೆಳೆಯುತ್ತದೆ. ಕೊನೆಗೆ ಕ್ಲೈಂಟ್‌ಗಳಿಗೆ, ಅಂದರೆ ಆಟಗಾರರ ಕಂಪ್ಯೂಟರಿನಲ್ಲಿ ಓಡುವ ಆಟದ ತಂತ್ರಾಂಶಕ್ಕೆ, ಉತ್ತರ ಬಾರದೆ ಸಂಪರ್ಕ ಕಡಿಯುತ್ತದೆ. ಕಡಿದವರೆಲ್ಲ ಒಂದೇ ನಿಮಿಷದಲ್ಲಿ ಮತ್ತೆ ಲಾಗಿನ್ ಆಗಲು ನುಗ್ಗುತ್ತಾರೆ, ಪ್ರತಿ ಲಾಗಿನ್‌ಗೂ ಪಾತ್ರದ ಪೂರ್ತಿ ದತ್ತಾಂಶ ಡೇಟಾಬೇಸ್‌ನಿಂದ ಬರಬೇಕು. ಅನೇಕ ಸಲ ಸರ್ವರ್ ನೆಲಕಚ್ಚುವುದು ಕಾಳಗದ ಭಾರಕ್ಕಲ್ಲ, ಈ ಮರುಪ್ರವೇಶದ ನೂಕುನುಗ್ಗಲಿಗೆ.

ಸ್ಥಾನದ ಸಂದೇಶಗಳ ಭಾರ ಇಳಿಸುವುದು ಕಲಿತ ವಿದ್ಯೆ. ಎಲ್ಲರ ಸುದ್ದಿಯನ್ನೂ ಒಂದೇ ವೇಗದಲ್ಲಿ ಕಳಿಸಬೇಕಿಲ್ಲ. 400 ಜನರ ಬಯಲಿನಲ್ಲಿ ಮುಖ್ಯವಾದ 40 ಜನರ ಸುದ್ದಿ ಸೆಕೆಂಡಿಗೆ 10 ಸಲ, ನಂತರದ 100 ಜನರದು 3 ಸಲ, ಉಳಿದ 259 ಜನರದು ಒಂದು ಸಲ ಎಂದಿಟ್ಟರೆ ಒಬ್ಬನಿಗೆ 3,990 ಸಂದೇಶದ ಬದಲು 959 ಸಾಕು. ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಪಿವಿಪಿಯಲ್ಲಿ "ಮುಖ್ಯ" ಯಾರು ಎಂಬುದನ್ನು ಬರೀ ದೂರದಿಂದ ಅಳೆಯುವ ಹಾಗಿಲ್ಲ. ನಿಮ್ಮನ್ನು ಗುರಿ ಮಾಡಿಕೊಂಡ ಬಿಲ್ಲುಗಾರ 35 ಮೀಟರ್ ದೂರದಲ್ಲಿರಬಹುದು, ಪಕ್ಕದಲ್ಲಿ ನಿಂತ ಮಿತ್ರ ಏನೂ ಮಾಡದಿರಬಹುದು. ಹಾಗಾಗಿ ಮೊದಲ ಸಾಲಿನಲ್ಲಿ ಇರಬೇಕಾದವರು ಇವರು: ನಿಮ್ಮನ್ನು ಗುರಿ ಮಾಡಿದವರು, ನೀವು ಗುರಿ ಮಾಡಿದವರು, ಹಿಂದಿನ ಹತ್ತು ಸೆಕೆಂಡಿನಲ್ಲಿ ನಿಮಗೆ ಹೊಡೆದವರು, ನಿಮ್ಮ ಪಾರ್ಟಿ, ಅಂದರೆ ಜೊತೆಗೂಡಿ ಆಡುವ ತಂಡದವರು. ದೂರ ಆಮೇಲಿನ ಮಾತು. ಅಡಗಿ ಬರುವ ಆಟಗಾರನ ಸ್ಥಾನವನ್ನಂತೂ ಎದುರಾಳಿಯ ಕ್ಲೈಂಟ್‌ಗೆ ಕಳಿಸಲೇಬಾರದು. ಕಳಿಸಿ ಚಿತ್ರವನ್ನಷ್ಟೇ ಮರೆಮಾಡಿದರೆ ಚೀಟ್ ತಂತ್ರಾಂಶ ಅದನ್ನು ಓದಿಬಿಡುತ್ತದೆ.

ಈ ಆಯ್ಕೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಗಿಲ್ಡ್ ವಾರ್ಸ್ 2 ಆಡಿದವರು ಕಂಡಿದ್ದಾರೆ. 2012ರಲ್ಲಿ ಅದು ಬಂದಾಗ ವರ್ಲ್ಡ್ ವರ್ಸಸ್ ವರ್ಲ್ಡ್ ಎಂಬ, ಸರ್ವರ್‌ಗಳ ನಡುವಿನ ಕಾಳಗದಲ್ಲಿ ಭಾರ ಇಳಿಸಲು ಕಾಣಿಸುವ ಪಾತ್ರಗಳ ಸಂಖ್ಯೆಗೇ ಮಿತಿ ಹಾಕಿದ್ದರು. ಪರಿಣಾಮವಾಗಿ ಎದುರಿಗೆ ಬಂದ ದೊಡ್ಡ ಪಡೆ ಪರದೆಯ ಮೇಲೆ ಮೂಡುವ ಮೊದಲೇ ಏಟು ಬೀಳುತ್ತಿತ್ತು. ಕಾಣದ ಶತ್ರುವಿನಿಂದ ಸಾಯುವುದನ್ನು ಯಾವ ಆಟಗಾರನೂ ಸೋಲೆಂದು ಒಪ್ಪುವುದಿಲ್ಲ. 2013ರ ಮಾರ್ಚ್‌ನಲ್ಲಿ ಆ ಮಿತಿಯನ್ನು ತೆಗೆದು, ಬೇಕಾದರೆ ಎಲ್ಲರನ್ನೂ ಸರಳವಾದ ಸಾಮಾನ್ಯ ರೂಪದಲ್ಲಿ ತೋರಿಸುವ ಆಯ್ಕೆ ಕೊಟ್ಟರು. ಅದೇ ಸರಿಯಾದ ದಾರಿ. ಕವಚದ ಬಣ್ಣ, ರೆಕ್ಕೆ, ಸಾಕುಪ್ರಾಣಿ, ಆಯುಧದ ಹೊಳಪು ಎಲ್ಲವನ್ನೂ ತ್ಯಾಗ ಮಾಡಿ. ಶತ್ರು ಅಲ್ಲಿದ್ದಾನೆ ಎಂಬ ಸುದ್ದಿಯನ್ನು ಮಾತ್ರ ಮುಟ್ಟಬೇಡಿ.

ಕಾಲವನ್ನೇ ನಿಧಾನ ಮಾಡಿದ ಆಟ

ಈವ್ ಆನ್‌ಲೈನ್, ಚೀನಾದ ಪ್ರತ್ಯೇಕ ಸರ್ವರ್ ಬಿಟ್ಟರೆ, ಎಲ್ಲ ಆಟಗಾರರನ್ನೂ ಒಂದೇ ವಿಶ್ವದಲ್ಲಿ ಇಟ್ಟುಕೊಂಡ ಬಾಹ್ಯಾಕಾಶ ಹಡಗುಗಳ ಆಟ. ಅಲ್ಲಿ ಸರ್ವರ್ ಸೆಕೆಂಡಿಗೆ ಒಂದೇ ಟಿಕ್ ಓಡುತ್ತದೆ, ಒಂದು ನಕ್ಷತ್ರವ್ಯೂಹದ ಕೆಲಸ ಒಂದೇ ನೋಡ್‌ನಲ್ಲಿ, ಅಂದರೆ ಸರ್ವರ್ ಸಮೂಹದ ಒಂದು ಘಟಕದಲ್ಲಿ, ನಡೆಯುತ್ತದೆ. ಭಾರ ಮಿತಿಮೀರಿದಾಗ ಯಾರನ್ನೂ ಹೊರಹಾಕದೆ, ಯಾರನ್ನೂ ಬೇರೆ ಪ್ರತಿಗೆ ಕಳಿಸದೆ, ಆ ವ್ಯೂಹದೊಳಗಿನ ಕಾಲವನ್ನೇ ನಿಧಾನ ಮಾಡುವ ಟೈಮ್ ಡೈಲೇಶನ್ ವ್ಯವಸ್ಥೆ 2012ರಲ್ಲಿ ಬಂತು. ಕನಿಷ್ಠ ವೇಗ ಶೇ. 10. ಹತ್ತು ಸೆಕೆಂಡಿನ ಕ್ರಿಯೆಗೆ ನೂರು ಸೆಕೆಂಡು ಹಿಡಿಯುತ್ತದೆ, ಆದರೆ ಕೊಟ್ಟ ಆಜ್ಞೆಗಳು ಕೊಟ್ಟ ಕ್ರಮದಲ್ಲೇ ನಡೆಯುತ್ತವೆ.

2014ರ ಜನವರಿ 27 ಮತ್ತು 28ರಂದು ಬಿ-ಆರ್5ಆರ್‌ಬಿ ಎಂಬ ವ್ಯೂಹದಲ್ಲಿ ಸುಮಾರು 21 ಗಂಟೆ ನಡೆದ ಕಾಳಗ ಇದೇ ವ್ಯವಸ್ಥೆಯ ಬಲದಿಂದ ನಡೆಯಿತು. ಹಕ್ಕು ಉಳಿಸಿಕೊಳ್ಳಲು ಕಟ್ಟಬೇಕಿದ್ದ ಬಿಲ್ ಪಾವತಿಯಾಗದೆ ವ್ಯೂಹದ ಒಡೆತನ ತಪ್ಪಿದ್ದು ಕಾರಣ. ಒಟ್ಟು 7,548 ಪಾತ್ರಗಳು ಭಾಗವಹಿಸಿದವು, ಒಂದು ಹಂತದಲ್ಲಿ ವ್ಯೂಹದೊಳಗೆ 2,670 ಜನ ಇದ್ದರು, ಆಟದ ಅತಿ ದೊಡ್ಡ ಹಡಗುಗಳಾದ ಟೈಟನ್‌ಗಳಲ್ಲಿ 75 ನಾಶವಾದವು. 2020ರ ಅಕ್ಟೋಬರ್‌ನಲ್ಲಿ ಎಫ್‌ಡಬ್ಲ್ಯುಎಸ್‌ಟಿ-8ರ ಕಾಳಗದಲ್ಲಿ ಏಕಕಾಲಕ್ಕೆ 6,557 ಜನ ಸೇರಿ ಗಿನ್ನಿಸ್ ದಾಖಲೆಯಾಯಿತು.

ಇಷ್ಟಾದರೂ ಈ ಉಪಾಯಕ್ಕೆ ಒಂದು ದೊಡ್ಡ ಬಿರುಕಿದೆ, ಅದರ ಬಗ್ಗೆ ಸಾಕಷ್ಟು ಚರ್ಚೆಯಾಗುವುದಿಲ್ಲ. ಕಾಲ ನಿಧಾನವಾಗುವುದು ಆ ವ್ಯೂಹದ ಒಳಗೆ. ಹೊರಗಿನ ವಿಶ್ವ ಮಾಮೂಲಿ ವೇಗದಲ್ಲೇ ಓಡುತ್ತಿರುತ್ತದೆ. ಒಳಗೆ ಆರು ನಿಮಿಷದಲ್ಲಿ ಮುಗಿಯಬೇಕಿದ್ದ ಘರ್ಷಣೆ ಒಂದು ಗಂಟೆ ಎಳೆದರೆ, ದೂರದ ಮಿತ್ರರಿಗೆ ಹಡಗು ಸಜ್ಜುಮಾಡಿ ಬಂದು ಸೇರಲು ಅಷ್ಟೂ ಹೊತ್ತು ಸಿಗುತ್ತದೆ. ಅವರು ಬಂದಂತೆ ಭಾರ ಇನ್ನೂ ಏರುತ್ತದೆ. ಜನಜಂಗುಳಿಯನ್ನು ತಾಳಿಕೊಳ್ಳಲು ಮಾಡಿದ ವ್ಯವಸ್ಥೆಯೇ ಜನಜಂಗುಳಿಯನ್ನು ಕರೆತರುತ್ತದೆ. ಶೇ. 10ಕ್ಕೆ ಇಳಿದ ಮೇಲೂ ಜನ ಬರುತ್ತಲೇ ಇದ್ದರೆ ಮುಂದೆ ಇಳಿಯಲು ಜಾಗವಿಲ್ಲ, ಹಳೆಯ ಕಾಲದ ಲ್ಯಾಗ್, ಅಂದರೆ ಸರ್ವರ್‌ನ ಉತ್ತರ ತಡವಾಗುವುದು, ಮರಳುತ್ತದೆ. 2021ರ ಜನವರಿಯಲ್ಲಿ ಎಂ2-ಎಕ್ಸ್‌ಎಫ್‌ಇ ವ್ಯೂಹದ ಎರಡನೇ ಕಾಳಗದಲ್ಲಿ ಹೀಗೇ ಆಗಿ, ಹೊಸದಾಗಿ ಜಿಗಿದು ಬಂದ ಪಡೆಯ ಅನೇಕರಿಗೆ ಪರದೆ ಮೂಡುವ ಮೊದಲೇ ಹಡಗು ಹೋಗಿತ್ತು.

ಅದೇ ಆಟ 2015ರಲ್ಲಿ ಮಾಡಿದ ಇನ್ನೊಂದು ಬದಲಾವಣೆ ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಬಾಳುವಂಥದ್ದು. ಒಡೆತನ ಕಸಿದುಕೊಳ್ಳುವ ಕೊನೆಯ ಹಂತವನ್ನು ಒಂದೇ ವ್ಯೂಹದಲ್ಲಿಡದೆ ಸುತ್ತಲಿನ ಹಲವು ವ್ಯೂಹಗಳಲ್ಲಿ ಹರಡಿದ ಗುರಿಗಳಾಗಿ ಒಡೆದರು. ಎಲ್ಲ ಗುರಿಗಳನ್ನೂ ಒಟ್ಟಿಗೆ ಕಾಯಬೇಕೆಂದರೆ ಪಡೆಯೂ ಒಡೆಯಬೇಕು. ಸರ್ವರ್‌ನ ಸಾಮರ್ಥ್ಯ ಹೆಚ್ಚಿಸದೆಯೇ ಜನರನ್ನು ಐದಾರು ಕಡೆ ಹಂಚುವ ದಾರಿ ಇದು. ಚದುರಿದ ಗುರಿಗಳ ಹಿಂದೆ ಸಣ್ಣ ಹಡಗಿನಲ್ಲಿ ಓಡುವುದು ಬೇಸರದ ಕೆಲಸ ಎಂಬ ದೂರು ಬಂತು, ಅದು ನಿಜವಾದ ದೂರೇ. ಆದರೂ ತತ್ತ್ವ ಗಟ್ಟಿ: ಹಂಚಬೇಕಾದ್ದು ಗುರಿಯನ್ನು, ಜನ ತಾವಾಗಿಯೇ ಹಂಚಿಹೋಗುತ್ತಾರೆ.

ಪ್ರತಿಗಳಾಗಿ ಒಡೆದಾಗ

ಬಹಳಷ್ಟು ಆಟಗಳು ಹಿಡಿದ ಸುಲಭದ ದಾರಿ, ತುಂಬಿದ ಜೋನ್‌ನ ಇನ್ನೊಂದು ಪ್ರತಿ ತೆರೆಯುವುದು. ಗಿಲ್ಡ್ ವಾರ್ಸ್ 2 ತನ್ನ ಸಾಮಾನ್ಯ ನಕ್ಷೆಗಳಿಗೆ 2014ರ ಏಪ್ರಿಲ್‌ನಲ್ಲಿ ಮೆಗಾಸರ್ವರ್ ತಂದಿತು, ವಾರ್‌ಕ್ರಾಫ್ಟ್ ಶಾರ್ಡಿಂಗ್ ತಂದಿತು, 2019ರ ಆಗಸ್ಟ್‌ನಲ್ಲಿ ಬಂದ ವಾರ್‌ಕ್ರಾಫ್ಟ್ ಕ್ಲಾಸಿಕ್ ಎಂಬ ಹಳೆಯ ರೂಪದ ಆವೃತ್ತಿ ಲೇಯರಿಂಗ್ ತಂದಿತು. ಹೆಸರು ಬೇರೆಯಾದರೂ ಮೂರೂ ಜನರನ್ನು ಪ್ರತಿಗಳಿಗೆ ಹಂಚುವ ವ್ಯವಸ್ಥೆಗಳು, ಅಂಥ ಒಂದು ಪ್ರತಿಯೇ ಲೇಯರ್ ಅಥವಾ ಶಾರ್ಡ್. ರಾಕ್ಷಸರನ್ನು ಕೊಲ್ಲುವ, ಕ್ವೆಸ್ಟ್ ಎಂಬ ಆಟ ಕೊಟ್ಟ ಕೆಲಸ ಮುಗಿಸುವ ಜೋನ್‌ಗೆ ಇದರಿಂದ ಒಳ್ಳೆಯದೇ ಆಗುತ್ತದೆ. ಪಿವಿಪಿ ಇರುವ ಜೋನ್‌ನಲ್ಲಿ ಕಥೆ ಬೇರೆ.

ಸೋಲುತ್ತಿರುವವನು ಬೇರೆ ಲೇಯರ್‌ನ ಗೆಳೆಯನಿಂದ ಪಾರ್ಟಿ ಆಹ್ವಾನ ಪಡೆದು ಕಣ್ಣೆದುರೇ ಮಾಯವಾಗುತ್ತಾನೆ. ಗೆಲ್ಲುತ್ತಿರುವವರ ಮೇಲೆ ಇನ್ನೊಂದು ಲೇಯರ್‌ನಿಂದ 40 ಜನ ಒಮ್ಮೆಲೇ ಇಳಿಯುತ್ತಾರೆ. ಅಪರೂಪದ ಅದಿರು ಮೂರು ಲೇಯರ್‌ನಲ್ಲಿ ಮೂರು ಸಲ ಸಿಗುವುದರಿಂದ ಲೇಯರ್ ಹಾರುವವನ ಚೀಲ ತುಂಬಿ ಮಾರುಕಟ್ಟೆ ಕುಸಿಯುತ್ತದೆ. ಕ್ಲಾಸಿಕ್‌ನ ಮೊದಲ ವಾರಗಳಲ್ಲಿ ಇವೆಲ್ಲ ನಡೆದವು, ಲೇಯರ್ ಬದಲಾಗಲು ಕಾಯಬೇಕಾದ ಅವಧಿ ಸೇರಿಸಬೇಕಾಯಿತು.

ಪ್ರತಿಗಳಿಲ್ಲದೆ ಗತ್ಯಂತರವಿಲ್ಲ ಎನ್ನುವ ಜೋನ್‌ಗೆ ಕನಿಷ್ಠ ಈ ನಿಯಮಗಳು ಬೇಕು. ಕಾಳಗದಲ್ಲಿರುವವರು, ಸತ್ತು ಆತ್ಮವಾಗಿರುವವರು ಲೇಯರ್ ಬದಲಿಸುವಂತಿಲ್ಲ. ಕೊನೆಯ ಏಟು ಬಿದ್ದು ಎರಡು ನಿಮಿಷವಾದರೂ ಆಗಿರಬೇಕು. ಒಮ್ಮೆ ಬದಲಿಸಿದ ಮೇಲೆ ಹತ್ತು ನಿಮಿಷ ಮತ್ತೆ ಬದಲಿಲ್ಲ, ಎರಡನೇ ಸಲಕ್ಕೆ ಅವಧಿ ದುಪ್ಪಟ್ಟು. ಬದಲಾವಣೆ ಊರಿನಲ್ಲಿ ಅಥವಾ ಸುರಕ್ಷಿತ ಸ್ಥಳದಲ್ಲಿ ಮಾತ್ರ. ಗಿಲ್ಡ್, ಅಂದರೆ ಆಟಗಾರರ ಕಾಯಂ ಸಂಘದವರನ್ನು ಸಾಧ್ಯವಾದಷ್ಟು ಒಂದೇ ಲೇಯರ್‌ಗೆ ಸೇರಿಸಬೇಕು, ಇಲ್ಲದಿದ್ದರೆ ಅವರು ದಿನವಿಡೀ ಆಹ್ವಾನ ಕಳಿಸುತ್ತ ವ್ಯವಸ್ಥೆಯನ್ನು ತಾವೇ ಕೆಡಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು, ಕೋಟೆ, ಬಾಸ್ ಎಂಬ ಬಲಾಢ್ಯ ರಾಕ್ಷಸ, ಅಪರೂಪದ ಗಣಿಯಂಥ ಸ್ಪರ್ಧೆಯ ವಸ್ತು ಒಂದೇ ಲೇಯರ್‌ನಲ್ಲಿರಬೇಕು. ಎರಡು ಲೇಯರ್‌ನಲ್ಲಿ ಎರಡು ಕಡೆಯವರು ಗೆದ್ದ ಒಂದೇ ಕೋಟೆಗೆ ಯಾವ ಬೆಲೆಯೂ ಇಲ್ಲ.

ಪ್ರತಿ ತೆರೆಯುವ ಮತ್ತು ಮುಚ್ಚುವ ಮಿತಿಗಳು ಒಂದೇ ಆಗಿರಬಾರದು ಎಂಬುದನ್ನು ಅನೇಕರು ಮರೆಯುತ್ತಾರೆ. ಜೋನ್‌ನ ಸಾಮರ್ಥ್ಯ 300 ಎಂದಾದರೆ 240 ಮುಟ್ಟಿದಾಗ ಹೊಸ ಪ್ರತಿ ತೆರೆಯಲಿ, ಎರಡೂ ಪ್ರತಿಗಳ ಜನ ಸೇರಿ 150ಕ್ಕಿಂತ ಕಡಿಮೆಯಾದಾಗ ಮಾತ್ರ ಒಂದಾಗಲಿ. ನಡುವೆ ಈ ಅಂತರ ಇಲ್ಲದಿದ್ದರೆ ಜೋನ್ ಹತ್ತು ನಿಮಿಷಕ್ಕೊಮ್ಮೆ ಒಡೆದು ಕೂಡುತ್ತಿರುತ್ತದೆ. ಕೊನೆಯ 20ರಿಂದ 30 ಸ್ಥಾನಗಳನ್ನು ಸಂಪರ್ಕ ತಪ್ಪಿದವರಿಗೂ, ಅರ್ಧ ಪಾರ್ಟಿ ಒಳಗಿದ್ದು ಅರ್ಧ ಹೊರಗುಳಿದವರಿಗೂ ಮೀಸಲಿಡಬೇಕು.

ಪಕ್ಷಗಳ ನಡುವಿನ ಕಾಳಗವಿದ್ದರೆ ಒಟ್ಟು ಮಿತಿಯಷ್ಟೇ ಸಾಲದು. 300ರ ಜೋನ್‌ಗೆ ಮೊದಲು ಬಂದ ಒಂದು ಕಡೆಯ 260 ಜನ ತುಂಬಿಕೊಂಡರೆ ಎದುರಾಳಿಗಳು ಸಾಲಿನಲ್ಲಿ ನಿಂತೇ ಸೋಲುತ್ತಾರೆ. ಇದನ್ನೇ ಯುದ್ಧತಂತ್ರವಾಗಿ ಬಳಸುವ ಗಿಲ್ಡ್‌ಗಳಿವೆ: ಕಾಳಗ ಶುರುವಾಗುವ ಒಂದು ಗಂಟೆ ಮೊದಲೇ ಬಂದು ಜಾಗ ತುಂಬಿಬಿಡುತ್ತವೆ. ಆಲ್ಬಿಯನ್ ಆನ್‌ಲೈನ್ ಇದಕ್ಕೆ ತಂದ ಸ್ಮಾರ್ಟ್ ಕ್ಲಸ್ಟರ್ ಕ್ಯೂ ಒಳ್ಳೆಯ ಮಾದರಿ. ಜೋನ್ ತುಂಬುವ ಹಂತಕ್ಕೆ ಬಂದಾಗ ಅದು ಮೊದಲು ಬಂದವರಿಗೆ ಮೊದಲ ಸ್ಥಾನ ಎಂಬ ನಿಯಮವನ್ನು ಬಿಟ್ಟು, ಎದುರುಬದುರಾದ ಬಣಗಳಿಗೆ ಸಮನಾದ ಅವಕಾಶ ಸಿಗುವಂತೆ ಸ್ಥಾನ ಹಂಚುತ್ತದೆ.

ಸರ್ವರ್ ಮೆಷಿಂಗ್ ಈಗ ಎಲ್ಲರ ಬಾಯಲ್ಲಿದೆ. 2024ರ ಕೊನೆಯಲ್ಲಿ ಸ್ಟಾರ್ ಸಿಟಿಜನ್ ತನ್ನ 4.0 ಆವೃತ್ತಿಯಲ್ಲಿ ಒಂದೇ ಜಗತ್ತನ್ನು ಹಲವು ಸರ್ವರ್‌ಗಳಿಗೆ ಹಂಚಿಕೊಟ್ಟಿತು. ಹರಡಿಕೊಂಡ ಜನರಿಗೆ ಇದು ನಿಜವಾದ ಪರಿಹಾರ. ಆದರೆ ಒಂದೇ ಕೋಟೆಬಾಗಿಲ ಮುಂದೆ 300 ಜನ ನಿಂತರೆ ನೆಲವನ್ನು ಎಷ್ಟು ಚೂರು ಮಾಡಿದರೂ ಅವರು ಒಬ್ಬರಿಗೊಬ್ಬರು ಕಾಣಲೇಬೇಕು, ಏಟು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ದಾಟಲೇಬೇಕು. ಗಡಿಯಲ್ಲಿ ನಿಂತು ಹೊಡೆಯುವುದೇ ಹೊಸ ತಂತ್ರವಾಗುತ್ತದೆ. ಬಿಂದುವಿನಲ್ಲಿ ಸೇರುವ ಜಂಗುಳಿಗೆ ಮೆಷಿಂಗ್ ಉತ್ತರವಲ್ಲ.

ದೊಡ್ಡ ಗುಂಪು ಯಾಕೆ ಯಾವಾಗಲೂ ಗೆಲ್ಲುತ್ತದೆ

ಜರ್ಗ್ ಎಂದು ಆಟಗಾರರು ಕರೆಯುವ ಭಾರೀ ಗುಂಪು ಹುಟ್ಟುವುದು ಸೋಮಾರಿತನದಿಂದಲ್ಲ, ಲೆಕ್ಕಾಚಾರದಿಂದ. ಬ್ರಿಟಿಷ್ ಎಂಜಿನಿಯರ್ ಫ್ರೆಡ್ರಿಕ್ ಲ್ಯಾಂಚೆಸ್ಟರ್ 1916ರ ಪುಸ್ತಕದಲ್ಲಿ ಮಂಡಿಸಿದ ವರ್ಗನಿಯಮ ಇಲ್ಲಿಗೆ ಹೇಳಿಮಾಡಿಸಿದಂತಿದೆ: ಎಲ್ಲರೂ ಎಲ್ಲರಿಗೂ ಹೊಡೆಯಬಲ್ಲ ಕಾಳಗದಲ್ಲಿ ಪಡೆಯ ಬಲ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 30 ಜನರ ಎದುರು ಅಷ್ಟೇ ಕುಶಲರಾದ 20 ಜನ ನಿಂತರೆ 900ರಲ್ಲಿ 400 ಕಳೆದು 500, ಅದರ ವರ್ಗಮೂಲ ಸುಮಾರು 22. ಅಂದರೆ 20 ಜನ ಪೂರ್ತಿ ಸತ್ತಾಗ ದೊಡ್ಡ ಪಡೆಯಲ್ಲಿ 22 ಜನ ಇನ್ನೂ ನಿಂತಿರುತ್ತಾರೆ. ಆ 20 ಜನ ಹತ್ತು ಹತ್ತಾಗಿ ಬೇರೆ ಬೇರೆ ಹೊತ್ತಿಗೆ ಬಂದರಂತೂ 26 ಜನ ಉಳಿಯುತ್ತಾರೆ. ಗುಂಪಾಗಿ ಓಡಾಡುವುದು ಬುದ್ಧಿವಂತಿಕೆ ಎಂದು ಆಟವೇ ಕಲಿಸುತ್ತಿರುವಾಗ ಜನ ಬೇರೇನು ಮಾಡಿಯಾರು?

ಈ ಬೆಂಕಿಗೆ ತುಪ್ಪ ಸುರಿಯುವುದು ಏರಿಯಾ ದಾಳಿಗೆ ಹಾಕುವ ಗುರಿಮಿತಿ. ಒಂದು ದಾಳಿ ಹೆಚ್ಚೆಂದರೆ ಐದು ಜನರಿಗೆ ತಗಲಲಿ ಎಂಬ ನಿಯಮ ಗಿಲ್ಡ್ ವಾರ್ಸ್ 2 ಸೇರಿ ಹಲವೆಡೆ ಇದೆ, ಸರ್ವರ್‌ಗೆ ಇದರಿಂದ ದೊಡ್ಡ ಉಪಕಾರ. ಆದರೆ 50 ಜನರ ಗುಂಪನ್ನು 10 ಜನ ಎದುರಿಸುವುದನ್ನು ಲೆಕ್ಕ ಹಾಕಿ. ಹತ್ತು ಜನ ಒಂದೊಂದು ಏರಿಯಾ ದಾಳಿ ಹಾಕಿದರೆ 50 ಏಟು, ಎದುರಿನ ಪ್ರತಿಯೊಬ್ಬನಿಗೆ ಸರಾಸರಿ ಒಂದು. 50 ಜನ ತಿರುಗಿ ಹಾಕಿದರೆ 250 ಏಟು, ಹತ್ತು ಜನರಲ್ಲಿ ಪ್ರತಿಯೊಬ್ಬನಿಗೆ 25. ಮಿತಿ ಇದ್ದುದರಿಂದ ಒತ್ತಾಗಿ ನಿಲ್ಲುವುದೇ ಕವಚವಾಯಿತು. ಸರ್ವರ್ ಉಳಿಸಲು ಹಾಕಿದ ನಿಯಮ ಇನ್ನಷ್ಟು ಜನರನ್ನು ಒಂದೇ ಬಿಂದುವಿಗೆ ತಂದು ನಿಲ್ಲಿಸಿತು.

ಆಲ್ಬಿಯನ್ ಇದನ್ನು ತಿರುವಿಹಾಕಿದೆ. ಏರಿಯಾ ದಾಳಿಗೆ ಸಿಕ್ಕವರ ಸಂಖ್ಯೆ ಹೆಚ್ಚಿದಂತೆ ಪ್ರತಿಯೊಬ್ಬನಿಗೂ ಬೀಳುವ ಪೆಟ್ಟು ಹೆಚ್ಚುತ್ತದೆ, ಹಾಗಾಗಿ ಒತ್ತಾಗಿ ನಿಂತ ಗುಂಪು ಒಂದೇ ಸರಿಯಾದ ದಾಳಿಗೆ ಕರಗಬಹುದು. ಒಬ್ಬನ ಮೇಲೆ ಹಲವರು ಒಟ್ಟಿಗೆ ಎರಗಿದರೆ ಅವನಿಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ದೊಡ್ಡ ಬಣಕ್ಕೆ ಬಲ ಕುಗ್ಗಿಸುವ ಡಿಸ್‌ಅರೇ ಎಂಬ ಡಿಬಫ್ ಬೇರೆ. ಮೂರೂ ಸೇರಿ ವರ್ಗನಿಯಮದ ಹಲ್ಲು ಮುರಿಯುತ್ತವೆ, ಪೂರ್ತಿ ಕೀಳುವುದಿಲ್ಲ. ಪೂರ್ತಿ ಕೀಳಲೂ ಬಾರದು, ನೂರು ಜನರನ್ನು ಸಂಘಟಿಸಿ ತರುವುದೂ ಒಂದು ಕೌಶಲವೇ.

ಬಣದ ಗಾತ್ರ ನೋಡಿ ಹಾಕುವ ಡಿಬಫ್‌ಗೆ ಒಂದು ಕಳ್ಳದಾರಿ ಇದೆ: ಗಿಲ್ಡ್ ಎರಡಾಗಿ ಒಡೆದು, ಕಾಗದದ ಮೇಲೆ ಪರಸ್ಪರ ಶತ್ರುಗಳಾಗಿ, ಬಯಲಿನಲ್ಲಿ ಜೊತೆಗೇ ಹೊಡೆದಾಡುವುದು. ಏರಿಯಾ ದಾಳಿ ಆ ಇನ್ನೊಂದು ಗಿಲ್ಡ್‌ಗೂ ತಗಲುವಂತಿದ್ದರೆ ಈ ನಾಟಕ ಹೆಚ್ಚು ಹೊತ್ತು ನಡೆಯುವುದಿಲ್ಲ. ತಗಲದ ಆಟಗಳಲ್ಲಿ ಯಾರು ಯಾರಿಗೆ ಹೊಡೆಯದೆ 30 ಸೆಕೆಂಡಿಗಿಂತ ಹೆಚ್ಚು ಒಂದೇ ವೃತ್ತದಲ್ಲಿ ಕಳೆದರು, ಯಾರು ಯಾರನ್ನು ಹೀಲ್ ಮಾಡಿದರು, ಅಂದರೆ ಗಾಯ ವಾಸಿಮಾಡಿದರು, ಎಂಬುದರ ಮೇಲೆ ಗುಂಪನ್ನು ಎಣಿಸಬೇಕು.

ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನ ಸಿರೋಡಿಲ್ ಯುದ್ಧಭೂಮಿ ಇನ್ನೊಂದು ಪಾಠ. ವರ್ಷಗಳ ಕಾಲ ಅಲ್ಲಿ ಲ್ಯಾಗ್ ಕಾಡಿತು, ಪ್ರವೇಶ ಮಿತಿ ಹಾಕಬೇಕಾಯಿತು. 2020ರಲ್ಲಿ ಏರಿಯಾ ಸ್ಕಿಲ್‌ಗಳ ನಡುವೆ ಕಾಯುವ ಅವಧಿ ಹಾಕಿ ಪರೀಕ್ಷೆ ನಡೆಸಿದರು. 2025ರಲ್ಲಿ ವೆಂಜನ್ಸ್ ಎಂಬ ಪರೀಕ್ಷಾ ಕ್ಯಾಂಪೇನ್‌ನಲ್ಲಿ ಇನ್ನೂ ಮುಂದೆ ಹೋಗಿ, ಸ್ಕಿಲ್‌ಗಳನ್ನು ಸರಳಗೊಳಿಸಿ, ಕವಚದ ಸೆಟ್‌ಗಳ ಉಪಪರಿಣಾಮಗಳನ್ನೇ ತೆಗೆದು, ಹೆಚ್ಚು ಜನರನ್ನು ಒಟ್ಟಿಗೆ ಆಡಿಸಿದರು. ಮೇಲಿನ ಲೆಕ್ಕದ 2,670 ಏಟುಗಳು 8,000 ಆಗುವ ಜಾಗ ಇದೇ, ಉಪಪರಿಣಾಮ. ವರ್ಷ ವರ್ಷ ಹೊಸ ಕವಚ, ಹೊಸ ಪರಿಣಾಮ ಮಾರುತ್ತ ಹೋದ ಪ್ರತಿಯೊಂದು ಆಟವೂ ತನ್ನ ಯುದ್ಧಭೂಮಿಯ ಸಾಮರ್ಥ್ಯವನ್ನು ಹಾಗೆಯೇ ಕಡಿಮೆ ಮಾಡಿಕೊಂಡಿದೆ. ಹೊಸ ಕವಚದ ಸೆಟ್ ವಿನ್ಯಾಸ ಮಾಡುವಾಗ ಅದು ಒಂದು ಏಟಿಗೆ ಎಷ್ಟು ಲೆಕ್ಕ ಹುಟ್ಟಿಸುತ್ತದೆ ಎಂಬುದನ್ನು ಬರೆದಿಡಬೇಕು, ಮಿತಿ ಮೀರಿದರೆ ಯುದ್ಧಭೂಮಿಯಲ್ಲಿ ಅದು ಕೆಲಸ ಮಾಡದಂತೆ ತಡೆಯಬೇಕು.

ಒಪ್ಪಿಗೆಯ ಪ್ರಶ್ನೆ

ಕಾಳಗ ಬೇಡವೆನ್ನುವವನನ್ನು ಕಾಳಗಕ್ಕೆ ಎಳೆಯಬಹುದೇ? 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್‌ನಲ್ಲಿ ಊರಾಚೆ ಯಾರನ್ನು ಬೇಕಾದರೂ ಕೊಲ್ಲಬಹುದಿತ್ತು. 2000ದಲ್ಲಿ ಆ ಜಗತ್ತನ್ನು ಎರಡು ಮಾಡಿ, ಟ್ರಾಮೆಲ್‌ನಲ್ಲಿ ಶಾಂತಿ, ಫೆಲೂಕಾದಲ್ಲಿ ಹಳೆಯ ನಿಯಮ ಎಂದರು. ಬಹುಪಾಲು ಜನ ಟ್ರಾಮೆಲ್‌ಗೆ ಹೋದರು. ಬೇಟೆಯಾಗಲು ಯಾರೂ ಉಳಿಯದ ಕಡೆ ಬೇಟೆಗಾರರಿಗೂ ಆಟ ಸಪ್ಪೆಯಾಯಿತು.

ವಾರ್‌ಕ್ರಾಫ್ಟ್ 2018ರಲ್ಲಿ ಪಿವಿಪಿ ಸರ್ವರ್‌ಗಳನ್ನು ತೆಗೆದು ವಾರ್ ಮೋಡ್ ತಂದಿತು. ಬೇಕಾದವರು ತಮ್ಮ ರಾಜಧಾನಿಯಲ್ಲಿ ಅದನ್ನು ಚಾಲೂ ಮಾಡಿ ಹೆಚ್ಚುವರಿ ಅನುಭವಾಂಕ ಪಡೆಯುತ್ತಾರೆ, ಅವರೆಲ್ಲರೂ ಒಂದೇ ಶಾರ್ಡ್‌ಗಳಲ್ಲಿ ಸೇರುತ್ತಾರೆ. ಒಂದು ಪಕ್ಷದವರೇ ಹೆಚ್ಚಾದಾಗ ಕಡಿಮೆ ಇರುವ ಪಕ್ಷಕ್ಕೆ ಬೋನಸ್ ಶೇ. 30ರವರೆಗೆ ಏರಿಸಿದರು. ಬೋನಸ್‌ನ ಆಸೆಗೆ ಬಂದವನು ಕಾಳಗ ಬಯಸಿ ಬಂದವನಲ್ಲ ಎಂಬುದು ಇಲ್ಲಿನ ತೊಡಕು. ಅವನು ಏಟು ತಿಂದು ಬೈದುಕೊಂಡು ಹೋಗುತ್ತಾನೆ, ಇಲ್ಲವೇ 40 ಜನರ ರೇಡ್ ಎಂಬ ದೊಡ್ಡ ತಂಡ ಸೇರಿ ಇನ್ನೊಬ್ಬನಿಗೆ ಅದನ್ನೇ ಮಾಡುತ್ತಾನೆ.

ನನಗೆ ಹೆಚ್ಚು ಸರಿಯೆನಿಸುವುದು ರೂನ್‌ಸ್ಕೇಪ್‌ನ ಹಳೆಯ ವೈಲ್ಡರ್ನೆಸ್ ಪದ್ಧತಿ, ಅದು ಈಗ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಆವೃತ್ತಿಯಲ್ಲಿ ಉಳಿದಿದೆ. ಉತ್ತರಕ್ಕೆ ಹೋದಂತೆ ವೈಲ್ಡರ್ನೆಸ್ ಮಟ್ಟ ಏರುತ್ತದೆ, ಆ ಮಟ್ಟದಷ್ಟೇ ಕಾಳಗದ ಲೆವೆಲ್ ಅಂತರವಿರುವವರು ನಿಮ್ಮ ಮೇಲೆ ಬೀಳಬಹುದು. 5ನೇ ಮಟ್ಟದಲ್ಲಿ ನಿಂತ 70ರ ಆಟಗಾರನನ್ನು 65ರಿಂದ 75ರವರು ಮಾತ್ರ ಮುಟ್ಟಬಹುದು. ಕೆಲವು ಜಾಗಗಳಲ್ಲಿ ಒಬ್ಬರಿಗೊಬ್ಬರೇ ಹೊಡೆದಾಡಬೇಕು, ಕೆಲವು ಕಡೆ ಎಷ್ಟು ಜನ ಬೇಕಾದರೂ ಎರಗಬಹುದು. ಎಷ್ಟು ಅಪಾಯ ಬೇಕೋ ಅಷ್ಟು ಒಳಗೆ ನಡೆ, ಬೆನ್ನು ತಿರುಗಿಸಿದರೆ ಹೊರಗೆ. 2007ರ ಡಿಸೆಂಬರ್‌ನಲ್ಲಿ ಈ ಮುಕ್ತ ಕಾಳಗವನ್ನು ತೆಗೆದಾಗ ಆಟಗಾರರು ಸುಮ್ಮನಿರಲಿಲ್ಲ. 2011ರ ಫೆಬ್ರುವರಿಯಲ್ಲಿ ಅದು ಮರಳಿ ಬಂತು.

ಕಾಳಗಕ್ಕೆ ಸಿದ್ಧ ಎಂಬ ಗುರುತನ್ನು ಆಟಗಾರನೇ ಹಾಕಿಕೊಳ್ಳುವ ಫ್ಲ್ಯಾಗ್ ಪದ್ಧತಿ ಆರಿಸಿಕೊಂಡ ಆಟಗಳು ಎಡವುವುದು ಸಣ್ಣ ವಿವರಗಳಲ್ಲಿ. ಫ್ಲ್ಯಾಗ್ ಹಾಕದವನು ಫ್ಲ್ಯಾಗ್ ಹಾಕಿದವನನ್ನು ಹೀಲ್ ಮಾಡಿದರೆ ಅವನಿಗೂ ಫ್ಲ್ಯಾಗ್ ಬೀಳಬೇಕು, ಇಲ್ಲವಾದರೆ ಮುಟ್ಟಲಾಗದ ಹೀಲರ್ ಹುಟ್ಟುತ್ತಾನೆ. ಶಾಂತನೊಬ್ಬ ಬೇಕೆಂದೇ ಇನ್ನೊಬ್ಬನ ಏರಿಯಾ ದಾಳಿಯೊಳಗೆ ನುಗ್ಗಿದರೆ ದಾಳಿ ಮಾಡಿದವನಿಗೆ ಫ್ಲ್ಯಾಗ್ ಬೀಳಬಾರದು, ಏಟೂ ತಗಲಬಾರದು. ಫ್ಲ್ಯಾಗ್ ಹಾಕುವುದು ತಕ್ಷಣ ಆಗಲಿ, ತೆಗೆಯುವುದು ಊರಿನಲ್ಲಿ ಮಾತ್ರ, ಕೊನೆಯ ಕಾಳಗದ ಐದು ನಿಮಿಷದ ಮೇಲೆ. ಕಾಳಗದ ನಡುವೆ ಕೇಬಲ್ ಕಿತ್ತವನ ಪಾತ್ರ ಕನಿಷ್ಠ 60 ಸೆಕೆಂಡು ಬಯಲಿನಲ್ಲೇ ನಿಂತಿರಲಿ.

ಸತ್ತವನು ಎಲ್ಲಿ ಏಳುತ್ತಾನೆ ಎಂಬುದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಒಂದೇ ಸ್ಮಶಾನವಿದ್ದರೆ ಗೆದ್ದ ಗುಂಪು ಅಲ್ಲೇ ಬೀಡುಬಿಟ್ಟು ಎದ್ದವನನ್ನು ಎದ್ದಂತೆ ಕೊಲ್ಲುತ್ತದೆ. ಕ್ಲಾಸಿಕ್‌ನಲ್ಲಿ 2019ರ ನವೆಂಬರ್‌ನಲ್ಲಿ ಹಾನರ್ ಅಂಕ ಬಂದ ಮೇಲೆ ಬ್ಲ್ಯಾಕ್‌ರಾಕ್ ಬೆಟ್ಟದ ಸುತ್ತ ಇದೇ ಆಯಿತು. ಡಂಜನ್‌ಗೆ, ಅಂದರೆ ತಂಡವಾಗಿ ರಾಕ್ಷಸರೊಡನೆ ಕಾದಾಡುವ ಒಳನೆಲೆಗೆ, ಹೋಗಲು ಎಲ್ಲರೂ ದಾಟಲೇಬೇಕಾದ ಕಿರಿದಾದ ದಾರಿ, ಪ್ರತಿ ಕೊಲೆಗೂ ಅಂಕ, ಒಂದು ಪಕ್ಷದವರೇ ತುಂಬಿದ್ದ ಸರ್ವರ್‌ಗಳು: ಮೂರೂ ಒಂದೆಡೆ ಸೇರಿದವು, ಕಡಿಮೆ ಇದ್ದ ಪಕ್ಷದವರು ಸರ್ವರ್ ಬಿಟ್ಟು ಹೋದರು, ಅಸಮತೋಲನ ಇನ್ನೂ ಹೆಚ್ಚಿತು. ಮೂರು ಏಳುವ ಜಾಗ, ಅವುಗಳಲ್ಲಿ ಶತ್ರು ಕಡಿಮೆ ಇರುವುದನ್ನು ಸರ್ವರ್ ಆರಿಸುವುದು, 20 ಸೆಕೆಂಡಿಗೊಮ್ಮೆ ಎಲ್ಲರೂ ಒಟ್ಟಿಗೆ ಏಳುವ ಅಲೆ, ಮೊದಲ ಏಟು ಹೊಡೆಯುವವರೆಗೆ ಹತ್ತು ಸೆಕೆಂಡಿನ ರಕ್ಷಣೆ. ಇಷ್ಟಿದ್ದರೆ ಬೀಡುಬಿಡುವುದು ಲಾಭದ ಕಸುಬಾಗಿ ಉಳಿಯುವುದಿಲ್ಲ. ಒಬ್ಬನನ್ನೇ ಮತ್ತೆ ಮತ್ತೆ ಕೊಂದರೆ ಅಂಕ ಬೇಗ ಇಳಿದು ಸೊನ್ನೆಯಾಗಲಿ.

ಕಿರಿದಾದ ಬಾಗಿಲು ಪಿವಿಪಿ ಇಲ್ಲದೆಯೂ ಕೆಡುಕು ತರುತ್ತದೆ. ಫೈನಲ್ ಫ್ಯಾಂಟಸಿ 14ರಲ್ಲಿ 2017ರ ಜೂನ್‌ನಲ್ಲಿ ಹೊಸ ವಿಸ್ತರಣೆ ಬಂದಾಗ ರೌಬಾನ್ ಎಂಬ ಪಾತ್ರದ ಮೂಲಕ ಪ್ರವೇಶಿಸುವ ಒಂದೇ ಒಂದು ಒಂಟಿ ಕಾಳಗದ ಮುಂದೆ ಇಡೀ ಸರ್ವರ್‌ನ ಜನ ಸಿಕ್ಕಿಕೊಂಡರು. ಕಥೆಯ ಮುಂದಿನ ಹಂತಕ್ಕೆ ಬೇರೆ ದಾರಿಯೇ ಇರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಅದೇ ಆಟದ ಮುಂದಿನ ವಿಸ್ತರಣೆಯೊಂದು ಬಂದಾಗ ಲಾಗಿನ್ ಸಾಲೇ ಎಷ್ಟು ಬೆಳೆಯಿತೆಂದರೆ ಮಾರಾಟವನ್ನೇ ಕೆಲಕಾಲ ನಿಲ್ಲಿಸಿದರು. ಸಾಲಿನಲ್ಲಿ ನಿಂತವನ ಸಂಪರ್ಕ ಒಮ್ಮೆ ತಪ್ಪಿದರೆ ಸ್ಥಾನವೂ ಹೋಗುವುದು ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಕನಿಷ್ಠ ಐದು ನಿಮಿಷ ಆ ಸ್ಥಾನ ಅವನಿಗೇ ಉಳಿಯಬೇಕು. ಕಾಳಗದ ಜೋನ್‌ನಿಂದ ಬಿದ್ದವನಿಗೂ ಅದೇ ಹಕ್ಕು, ಹತ್ತು ನಿಮಿಷ.

ಅಳೆಯುವಾಗ ಸರಾಸರಿಯನ್ನು ನಂಬಬಾರದು. ದಿನದ ಸರಾಸರಿ ಟಿಕ್ 18 ಮಿಲಿಸೆಕೆಂಡ್ ಎಂದು ವರದಿ ಹೇಳುತ್ತಿರುವಾಗಲೇ ರಾತ್ರಿ ಒಂಬತ್ತರ ಕೋಟೆ ಮುತ್ತಿಗೆಯ ಇಪ್ಪತ್ತು ನಿಮಿಷ 200 ಮುಟ್ಟಿರಬಹುದು, ಆಟಗಾರರು ನೆನಪಿಡುವುದು ಆ ಇಪ್ಪತ್ತು ನಿಮಿಷವನ್ನೇ. ಜೋನ್‌ವಾರು, ನಿಮಿಷವಾರು ಅತಿ ನಿಧಾನದ ಶೇ. 1 ಟಿಕ್‌ಗಳನ್ನು ನೋಡಬೇಕು. ಪಕ್ಕದಲ್ಲೇ ಎರಡೂ ಕಡೆಯ ಜನಸಂಖ್ಯೆ, ಒಬ್ಬನ ಸುತ್ತ 30 ಮೀಟರ್‌ನಲ್ಲಿ ಇದ್ದವರ ಗರಿಷ್ಠ ಸಂಖ್ಯೆ, ಎದ್ದ 15 ಸೆಕೆಂಡಿನೊಳಗೆ ಮತ್ತೆ ಸತ್ತವರ ಪಾಲು ಇರಬೇಕು. ಪರೀಕ್ಷೆಗೆ ಬಾಟ್‌ಗಳನ್ನು, ಅಂದರೆ ತಂತ್ರಾಂಶ ಆಡಿಸುವ ಪಾತ್ರಗಳನ್ನು, ಬಿಡುವುದಾದರೆ ಅವು ಬಯಲಿನ ತುಂಬ ಹರಡಿಕೊಂಡು ಅಡ್ಡಾಡಿದರೆ ಉಪಯೋಗವಿಲ್ಲ. 300 ಬಾಟ್‌ಗಳೂ ಒಂದೇ ಬಾಗಿಲ ಮುಂದೆ ನಿಂತು, ಲ್ಯಾಗ್ ಆದಾಗ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ, ಸಂಪರ್ಕ ಕಡಿದ ಕೂಡಲೇ ಒಟ್ಟಿಗೆ ಮರುಲಾಗಿನ್ ಆಗುವಂತೆ ಬರೆಯಬೇಕು.